ಅಟ್ಟ ಹತ್ತದ ದಿನ

ಮನೆ ಕೊಳ್ಳುವವರು ಗೋಡೆಯ ಬಣ್ಣ ನೋಡುತ್ತಾರೆ. ಬಣ್ಣದ ಹಿಂದೆ ಏನಿದೆ ಎಂದು ನೋಡುವುದು ನನ್ನ ಕೆಲಸ. ಮಾತುಕತೆ ಮುಗಿಸುವ ಮುಂಚೆ ನನ್ನನ್ನು ಕರೆಸುತ್ತಾರೆ, ನಾನು ಅರ್ಧ ದಿನ ಮನೆಯನ್ನು ಜಾಲಾಡಿ ವರದಿ ಬರೆದುಕೊಡುತ್ತೇನೆ. ಕೊಳ್ಳಿ ಅಂತಲೂ ಹೇಳುವುದಿಲ್ಲ, ಬಿಡಿ ಅಂತಲೂ ಹೇಳುವುದಿಲ್ಲ. ಬೆಲೆ ಹೆಚ್ಚಾಯಿತೇ ಎಂದು ಕೇಳಿದರೆ ನನಗೆ ಕಿವಿಯೇ ಕೇಳಿಸುವುದಿಲ್ಲ. ಕಣ್ಣಾರೆ ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ಕಾಣದ್ದನ್ನು ‘ನೋಡಲಾಗಲಿಲ್ಲ’ ಎಂದು ಬರೆಯಬೇಕು. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ದಲ್ಲಾಳಿಗಳಿಗೆ ನನ್ನನ್ನು ಕಂಡರೆ ಆಗುವುದಿಲ್ಲ, ನನಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೇ.

ಆವತ್ತು ನನ್ನನ್ನು ಕರೆದವಳು ಒಬ್ಬ ನರ್ಸ್. ಮೊದಲ ಬಾರಿ ಸ್ವಂತ ಮನೆ ಕೊಳ್ಳಲು ಹೊರಟಿದ್ದಳು. ಧೈರ್ಯಕ್ಕಿರಲಿ ಎಂದು ಚಿಕ್ಕಪ್ಪನನ್ನೂ ಕರೆತಂದಿದ್ದಳು. ಗೇಟಿನ ಮುಂದೆ ನಿಂತಾಗಲೇ ಮನೆ ಎಲ್ಲೋ ನೋಡಿದಂತಿದೆ ಅನ್ನಿಸಿತು. ಬಾಗಿಲು ತೆರೆದವನ ಮುಖ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಅವನು ಬಸ್ ಡ್ರೈವರ್. ಮೂರು ವರ್ಷದ ಹಿಂದೆ ಇದೇ ಮನೆಯನ್ನು ಅವನು ಕೊಳ್ಳುವಾಗ ಪರೀಕ್ಷೆ ಮಾಡಿದವಳು ನಾನೇ.

“ಅಯ್ಯೋ, ನೀವೇನಾ ಅಕ್ಕಾ!” ಅವನ ಮುಖ ಅರಳಿತು. ಒಳಗೆ ಓಡಿ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದ ನನ್ನ ಹಳೆಯ ವರದಿಯನ್ನು ತಂದು ನರ್ಸಿನ ಕೈಗೆ ಕೊಟ್ಟ. “ನೋಡಿ, ಇವರೇ ಬರೆದಿದ್ದು. ಹೆಂಡ್ತಿಗೆ ಬೇರೆ ಕಡೆ ಕೆಲಸ ಆಯ್ತು ಅಂತ ಮಾರ್ತಿದೀವಿ ಅಷ್ಟೇ. ಮನೇಲಿ ಒಂದು ಕೊರತೆ ಇಲ್ಲ.”

“ಹಾಗಾದ್ರೆ ಇನ್ನೇನು ನೋಡೋದು?” ಎಂದ ಚಿಕ್ಕಪ್ಪ. “ಊಟದ ಹೊತ್ತಿಗೆ ಮನೆ ಸೇರ್ಬಹುದು.”

“ಚಿಕ್ಕಪ್ಪಾ, ಮೂರು ವರ್ಷ ಹಳೇ ರಕ್ತಪರೀಕ್ಷೆ ನೋಡಿ ನಾವು ಯಾರಿಗೂ ಆಪರೇಷನ್ ಮಾಡಲ್ಲ,” ಎಂದಳು ನರ್ಸ್.

ಹುಡುಗಿ ನನಗೆ ಅಲ್ಲೇ ಹಿಡಿಸಿಬಿಟ್ಟಳು. ಈ ಮನೆಯನ್ನು ಮೊದಲೇ ನೋಡಿದ್ದೇನೆ, ಬೇರೆಯವರು ಬೇಕಿದ್ದರೆ ಈಗಲೇ ಹೇಳಿ, ಹೊರಟುಹೋಗುತ್ತೇನೆ ಎಂದೆ. ಬೇಡ, ನೀವೇ ನೋಡಿ, ಆದರೆ ಹೊಸದಾಗಿ ನೋಡಿ ಎಂದಳು.

ನೋಡಿದೆ. ಮೊದಲು ಹೊರಗೆ. ನೆಲ ಗೋಡೆಯ ಕಡೆ ಇಳಿಜಾರಾಗಿದೆಯೇ, ಮಳೆನೀರಿನ ದೋಣಿ ಎಲ್ಲಿ ಸೋರಿ ಗೋಡೆಗೆ ಪಾಚಿ ಹಿಡಿದಿದೆ, ಬಿರುಕು ಬರೀ ಗಾರೆಯದ್ದೋ ಇಟ್ಟಿಗೆಯದ್ದೋ. ಒಳಗೆ ಬಂದು ವಿದ್ಯುತ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ತಂತಿ ತಂತಿ ನೋಡಿದೆ, ಪ್ಲಗ್ಗುಗಳಿಗೆ ಅರ್ಥಿಂಗ್ ಇದೆಯೇ ಎಂದು ಒಂದೊಂದಾಗಿ ಚುಚ್ಚಿ ನೋಡಿದೆ. ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ ಯಾವುದು ಸೊರಗುತ್ತದೆ ಎಂದು ಗಮನಿಸಿದೆ. ಕಿಟಕಿಗಳ ಕೆಳಗೆ ತೇವ ಅಳೆಯುವ ಯಂತ್ರ ಒತ್ತಿದೆ. ಚಿಕ್ಕಪ್ಪ ನನ್ನ ಬೆನ್ನಿಗೇ ಬಂದು ಕಂಡದ್ದನ್ನೆಲ್ಲ ಬೆರಳಿನಿಂದ ಕುಟ್ಟುತ್ತಿದ್ದ.

“ಈ ಗೋಡೆ ಟೊಳ್ಳು ಕಣಮ್ಮಾ.”

“ಅದು ಕಪಾಟು,” ಎಂದೆ.

ಒಂದು ಕಿಟಕಿ ಸರಿಯಾಗಿ ಕೂರುತ್ತಿರಲಿಲ್ಲ, ಬಚ್ಚಲಿನ ಒಂದು ಕೊಳವೆ ಜಿನುಗುತ್ತಿತ್ತು. ಎಲ್ಲ ಮನೆಯಲ್ಲೂ ಇರುವಂಥದ್ದೇ. ಉಳಿದದ್ದು ಅಟ್ಟ. ಕೋಣೆಗಳ ನಡುವಿನ ಓಣಿಯಲ್ಲಿ ಏಣಿ ಹಾಕಿ, ಚಾವಣಿಯ ಚೌಕದ ಬಾಗಿಲು ತಳ್ಳಿ ಮೇಲೆ ಹತ್ತಿದೆ. ಟಾರ್ಚನ್ನು ಹಣೆಗೆ ಕಟ್ಟಿಕೊಂಡು ತೊಲೆಯಿಂದ ತೊಲೆಗೆ ಮೊಣಕಾಲೂರಿ ತೆವಳಿದೆ. ದೂರದ ಮೂಲೆಯಲ್ಲಿ ನೀರಿನ ಟ್ಯಾಂಕ್ ಇತ್ತು, ತುಂಬಿತ್ತು.

ಟ್ಯಾಂಕಿನಿಂದ ಇಳಿಯುವ ಕೊಳವೆಗೆ ದಾರಿ ಮಾಡಿಕೊಡಲು ಯಾವನೋ ಪ್ಲಂಬರ್ ಅದೇ ಟ್ಯಾಂಕನ್ನು ಹೊತ್ತಿದ್ದ ತೊಲೆಗೆ ಗರಗಸ ಹಾಕಿದ್ದ. ಒಂದು ಗೇಣು ದಪ್ಪದ ತೊಲೆಯಲ್ಲಿ ಮುಕ್ಕಾಲು ಪಾಲು ಕೊಯ್ದುಹೋಗಿತ್ತು. ಉಳಿದ ಕಾಲು ಭಾಗವೂ ಉದ್ದಕ್ಕೆ ಸೀಳಲು ಶುರುವಾಗಿತ್ತು, ಸೀಳಿನ ಒಳಗೆ ಮರ ಇನ್ನೂ ಹಸಿಹಸಿಯಾಗಿ ಬೆಳ್ಳಗಿತ್ತು. ಅದರ ನೇರ ಕೆಳಗೆ ಡ್ರೈವರನ ಮಗಳ ಕೋಣೆ.

ಇದು ಹೊಸತು, ಇವರೇ ಕೊಯ್ಯಿಸಿರಬೇಕು ಎಂದುಕೊಂಡೆ. ಹಾಗೇ ಆಗಿರಲಿ ಎಂದು ಆಸೆಪಟ್ಟೆ ಅನ್ನುವುದೇ ಸರಿ. ಆದರೆ ಗರಗಸದ ಗಾಯ ಕಪ್ಪಾಗಿ, ಧೂಳು ಮೆತ್ತಿ, ಜೇಡ ಅದರಲ್ಲಿ ಎರಡು ಮೂರು ತಲೆಮಾರು ಸಂಸಾರ ಮಾಡಿ ಹೋಗಿತ್ತು. ಮೂರು ವರ್ಷದ ಹಿಂದೆ ಇದೇ ಅಟ್ಟದ್ದು ಹೊಡೆದಿದ್ದ ಚಿತ್ರವನ್ನು ಫೋನಿನಲ್ಲಿ ಹುಡುಕಿ ತೆರೆದೆ. ದೊಡ್ಡದು ಮಾಡಿದೆ. ದೂರದಲ್ಲಿ ಟ್ಯಾಂಕ್ ಇತ್ತು, ಅದೇ ಕೊಳವೆ ಅದೇ ತೊಲೆಯೊಳಗೆ ಇಳಿದು ಮಾಯವಾಗುತ್ತಿತ್ತು. ಅಂದರೆ ಕೊಯ್ತ ಆಗಲೂ ಇತ್ತು. ಚಿತ್ರದ ಕೆಳಗಿನ ಅಂಚಿನಲ್ಲಿ ಚೌಕದ ಬಾಗಿಲಿನ ಚೌಕಟ್ಟು ಕಾಣುತ್ತಿತ್ತು.

ಆಗ ಎಲ್ಲ ನೆನಪಿಗೆ ಬಂತು. ಆವತ್ತು ತಂಗಿಯ ಮಗಳ ಹುಟ್ಟುಹಬ್ಬ, ನೇರ ಅಲ್ಲಿಗೇ ಹೋಗುವುದಿತ್ತು. ಹೊಸ ಬಿಳಿ ಅಂಗಿ ಹಾಕಿಕೊಂಡಿದ್ದೆ. ಅಂಗಿ ಮಸಿಯಾಗುತ್ತದೆ ಎಂದು ಏಣಿಯ ಮೇಲೇ ನಿಂತು, ತಲೆ ತೂರಿಸಿ, ಒಂದು ಚಿತ್ರ ಹೊಡೆದು ಇಳಿದುಬಿಟ್ಟಿದ್ದೆ. ‘ಒಳಗೆ ಹೋಗಿ ನೋಡಲಾಗಲಿಲ್ಲ’ ಎಂದು ಬರೆದಿದ್ದರೂ ಆಗುತ್ತಿತ್ತು. ಕೈ ರೂಢಿಯ ಪ್ರಕಾರ ಬರೆದಿತ್ತು: ಅಟ್ಟ ಪರಿಶೀಲಿಸಲಾಗಿದೆ, ದೋಷ ಕಂಡುಬಂದಿಲ್ಲ.

“ಏನಮ್ಮಾ, ಅಲ್ಲೇ ಬಿಡಾರ ಹೂಡಿದ್ರಾ?” ಕೆಳಗಿನಿಂದ ಚಿಕ್ಕಪ್ಪನ ದನಿ.

ಸುಳ್ಳು ಹೇಳಲು ನನಗೆ ಬೇಕಾಗಿದ್ದದ್ದು ಒಂದೇ ಪದ. ‘ತೊಲೆಯಲ್ಲಿ ಇತ್ತೀಚಿನ ಕೊಯ್ತ ಕಂಡುಬಂದಿದೆ.’ ಇತ್ತೀಚಿನ. ನರ್ಸ್ ಬಚಾವ್, ನಾನೂ ಬಚಾವ್, ತಪ್ಪು ಡ್ರೈವರನ ತಲೆಗೆ. ಅಟ್ಟಕ್ಕೆ ಹತ್ತಿ ಜೇಡರ ಬಲೆಯ ವಯಸ್ಸು ಕೇಳುವವರು ಯಾರಿದ್ದಾರೆ? ಹೀಗೆಲ್ಲ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಆಮೇಲೆ ನನ್ನ ಮೇಲೆ ನನಗೇ ರೇಗಿತು. ಬೇರೆಯವರ ಗೋಡೆಯ ಸುಣ್ಣ ಕೆರೆದು ನೋಡುವವಳು ನನ್ನ ತಪ್ಪಿಗೆ ನಾನೇ ಸುಣ್ಣ ಬಳಿಯಲು ಕೂತಿದ್ದೆ.

ಇಳಿದೆ. ನಮ್ಮ ಕಸುಬಿನಲ್ಲಿ ಕಂಡದ್ದನ್ನು ಕರೆಸಿದವರಿಗೆ ಮಾತ್ರ ಹೇಳಬೇಕು, ಮನೆಯವರಿಗೆ ಹೇಳುವ ಹಾಗಿಲ್ಲ. ಮನೆಯಲ್ಲಿರುವವರ ಜೀವಕ್ಕೆ ಅಪಾಯವಿದ್ದರೆ ಮಾತ್ರ ಆ ಕಟ್ಟಳೆ ಇಲ್ಲ. ಯಾರಿಗೂ ಏನೂ ಹೇಳದೆ ನೇರ ಮಗಳ ಕೋಣೆಗೆ ನಡೆದೆ. ಏಳೆಂಟು ವರ್ಷದ ಹುಡುಗಿ ಮಂಚದ ಮೇಲೆ ಕೂತು ಕಾಗದ ಕತ್ತರಿಸುತ್ತಿದ್ದಳು.

“ಪುಟ್ಟೀ, ಎದ್ದು ಆಚೆ ಬಾ. ಕತ್ತರಿ ಅಲ್ಲೇ ಇರ್ಲಿ. ಬಾ.”

ನನ್ನ ದನಿ ಹೇಗಿತ್ತೋ, ಅವಳು ಮರುಮಾತಿಲ್ಲದೆ ಬಂದಳು. ಡ್ರೈವರನಿಗೆ ಟ್ಯಾಂಕಿಗೆ ಬರುವ ನೀರು ನಿಲ್ಲಿಸಲು ಹೇಳಿದೆ, ನರ್ಸಿಗೆ ಅಡುಗೆಮನೆಯ ನಲ್ಲಿ, ಚಿಕ್ಕಪ್ಪನಿಗೆ ಬಚ್ಚಲಿನದ್ದು ತೆರೆಯಲು. ಮನೆಯ ನಲ್ಲಿಗಳೆಲ್ಲ ಬಾಯಿಬಿಟ್ಟವು. ಟ್ಯಾಂಕ್ ಖಾಲಿಯಾಗುವವರೆಗೆ ನಾನು ಆ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದೆ. ನೀರಿನ ಸದ್ದು ನಿಂತ ಮೇಲೆ ಎಲ್ಲರಿಗೂ ಹೇಳಿದೆ. ತೊಲೆಯ ವಿಷಯ, ಕೊಯ್ತ ಹಳೆಯದು ಎನ್ನುವ ವಿಷಯ, ಬಿಳಿ ಅಂಗಿಯ ವಿಷಯ.

ಡ್ರೈವರ್ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಿಮ್ಮ ಮಾತು ನಂಬಿ ತಗೊಂಡ್ವಿ ಅಕ್ಕಾ,” ಎಂದ. “ಮೂರು ವರ್ಷ ಇವಳು ಅದರ ಕೆಳಗೇ ಮಲಗಿದಾಳೆ.”

“ಹೌದು,” ಎಂದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. “ನಾಳೆ ಬೆಳಿಗ್ಗೆ ಬಡಗಿನ ನಾನೇ ಕರ್ಕೊಂಡು ಬರ್ತೀನಿ. ಅದು ನನ್ನ ಜವಾಬ್ದಾರಿ.”

“ವರದೀಲಿ ಇದನ್ನೆಲ್ಲ ಬರೀತೀರಾ?” ಕೇಳಿದಳು ನರ್ಸ್.

“ಮೊದಲನೇ ಪುಟದಲ್ಲೇ.”

ಅವಳು ತಲೆಯಾಡಿಸಿದಳು. “ತೊಲೆ ಸರಿಯಾಗ್ಲಿ, ಮತ್ತೆ ಬಂದು ನೋಡ್ತೀನಿ. ಆದ್ರೆ ಆಗ ಬೇರೆಯವರನ್ನ ಕರೆಸ್ತೀನಿ. ಬೇಜಾರು ಮಾಡ್ಕೋಬೇಡಿ.”

ಬೇಜಾರಾಯಿತು. ಆದರೂ ಪಕ್ಕದ ಬಡಾವಣೆಯಲ್ಲಿ ಇದೇ ಕೆಲಸ ಮಾಡುವವನ ನಂಬರ್ ಬರೆದುಕೊಟ್ಟೆ. ಅವನ ಸುದ್ದಿ ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ, ಆದರೆ ಅವನು ಅಟ್ಟ ಹತ್ತಿ ನೋಡುತ್ತಾನೆ.

ನರ್ಸ್, ಚಿಕ್ಕಪ್ಪ ಹೊರಟ ಮೇಲೆ ಡ್ರೈವರ್, ನಾನು ಸೇರಿ ಮಂಚವನ್ನು ಹೊರಕೋಣೆಗೆ ಸಾಗಿಸಿದೆವು. ಬಾಗಿಲಲ್ಲಿ ಮಂಚ ಓರೆ ಮಾಡುವಾಗ ಅವನು ಆ ಕಡೆಯಿಂದ ಕೇಳಿದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

“ನಮ್ಮನೆ ಒಂದೇನಾ ಅಕ್ಕಾ?”

ಹೌದು ಎನ್ನಲು ಬಾಯಿ ತೆರೆದೆ. ಏಣಿ ಗಿಡ್ಡವಾದ ದಿನ, ಜ್ವರ ಬಂದ ದಿನ, ದಲ್ಲಾಳಿಯ ಜೊತೆ ಜಗಳವಾಡಿ ತಲೆ ಕೆಟ್ಟಿದ್ದ ದಿನ, ಎಲ್ಲ ಸಾಲಾಗಿ ಕಣ್ಣೆದುರು ಬಂದವು.

“ಗೊತ್ತಿಲ್ಲ,” ಎಂದೆ.

ಮರುದಿನ ಬಡಗಿ ಆ ತೊಲೆಗೆ ಜೋಡಿ ತೊಲೆ ಕೂರಿಸಿದ. ಅದು ಮುಗಿಯುವವರೆಗೂ ಅಟ್ಟದಲ್ಲೇ ಇದ್ದೆ. ಅದರ ಮಾರನೆಯ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ವರದಿಗಳನ್ನೆಲ್ಲ ಹರಡಿ ಕೂತೆ. ಅಟ್ಟದ ಚಿತ್ರಗಳನ್ನು ಮಾತ್ರ ನೋಡುತ್ತಾ ಹೋದೆ. ಒಳಗೆ ತೆವಳಿ ಹೊಡೆದ ಚಿತ್ರದಲ್ಲಿ ಬಾಗಿಲಿನ ಚೌಕಟ್ಟು ಬೀಳುವುದಿಲ್ಲ. ಏಣಿಯ ಮೇಲೆ ನಿಂತು ಹೊಡೆದದ್ದರಲ್ಲಿ ಬೀಳುತ್ತದೆ. ಚೌಕಟ್ಟು ಬಿದ್ದವನ್ನು ಎಡಕ್ಕೆ ಇಡುತ್ತಾ ಬಂದೆ. ಹದಿನಾಲ್ಕಾದವು.

ಗಂಡ ಕಾಫಿ ಲೋಟ ಹಿಡಿದುಕೊಂಡು ನನ್ನ ಹಿಂದೆ ನಿಂತು ನೋಡಿದ.

“ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿ ಹಾಕ್ಕೋತಿದೀಯ,” ಎಂದ. “ಇವರಿಗೆಲ್ಲ ಫೋನ್ ಮಾಡಿದ್ರೆ ಇನ್ಮೇಲೆ ನಿನ್ನ ಯಾರು ಕರೀತಾರೆ?”

“ಕರೀದಿದ್ರೆ ಬೇಡ. ಲೋಟ ಆ ಕಡೆ ಇಡು, ಕಾಗದದ ಮೇಲೆ ಚೆಲ್ಲುತ್ತೆ.”

ಮೊದಲ ನಂಬರ್ ಒತ್ತಿದೆ. ಎತ್ತಿದವರು ಒಬ್ಬ ಹೆಂಗಸು, ಹಿಂದೆ ಮಗು ಅಳುತ್ತಿತ್ತು. ನಾನು ಯಾರೆಂದು ಹೇಳಿದೆ. ಅವಳಿಗೆ ತಕ್ಷಣ ನೆನಪಾಯಿತು.

“ಓ, ನೀವಾ! ಮನೆ ತುಂಬಾ ಚೆನ್ನಾಗಿದೆ ಮೇಡಂ, ನಿಮ್ಮ ಕೈಗುಣ. ಏನು ವಿಷಯ?”

“ಅಟ್ಟನ ನಾನು ಸರಿಯಾಗಿ ನೋಡಿಲ್ಲಮ್ಮಾ. ಇವತ್ತೇ ಬರ್ತೀನಿ,” ಎಂದೆ. “ಅದಕ್ಕೆ ಮುಂಚೆ ಒಂದು ಹೇಳು. ಈಗ ಅದರ ಕೆಳಗೆ ಯಾರಿದಾರೆ?”