ಬೀಜಕ್ಕೆ ಬಿಟ್ಟ ಮೂಲೆ

"ಆ ಮೂಲೆ ಮುಟ್ಬ್ಯಾಡ ರಾಮಕ್ಕ. ಬೀಜಕ್ಕೆ ಇರ್ಲಿ ಬುಡು."

ಕೆರೆ ಏರಿಯ ಮೇಲಿನಿಂದ ತುಳಸಿ ಹಾಗೆ ಕೂಗಿದಾಗ ರಾಮಮ್ಮ ಸೊಂಟದುದ್ದ ನೀರಿನಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದು ಕೈಯಲ್ಲಿ ಆಗಷ್ಟೇ ಕಿತ್ತ ಅಂತರಗಂಗೆ ಕಳೆ. ಅದರ ಬೇರು ಎಣ್ಣೆ ಕಾಣದ ಜಡೆಯಂತೆ ಕಪ್ಪಗೆ ಜೋತು ನೀರು ಸುರಿಸುತ್ತಿತ್ತು.

"ಹೂಂ ಕಣೆ, ಬುಡಾನ," ಎಂದು ರಾಮಮ್ಮ ನಕ್ಕಳು. "ಸೋರೆಕಾಯಿ ಬುಟ್ಟಂಗೆ ಬೀಜಕ್ಕೆ ಬುಡಾನ. ನಾಳೀಕೆ ಲಂಟಾನಕ್ಕೂ ಒಂದು ಮಡಿ ಮಾಡಿ ನೀರು ಹಾಕಾನ."

ತುಳಸಿ ನಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, ಕಣ್ಣನ್ನು ಬೇರೆಲ್ಲೋ ಇಟ್ಟು ಹೇಳಿದಳು: "ತಮಾಸೆ ಅಲ್ಲಕ್ಕ. ನೆನ್ನೆ ನೀನು ಮದ್ವೆ ಸೀರೆ ತರಕ್ಕೆ ಕುಶಾಲನಗರಕ್ಕೆ ಹೋಗಿದ್ದಲ್ಲ, ಹೆಂಗಸ್ರ ಸಂಘದಲ್ಲಿ ಮಾತಾಯ್ತು. ನಮ್ ಕಳೆ ಗೊಬ್ಬರನೆಲ್ಲ ನಾಣಯ್ಯ ಸಾವ್ಕಾರ್ರು ಅವರ ಕಾಫಿ ಗಿಡಕ್ಕೆ ತಗತಾರಂತೆ. ಈ ವರ್ಸ ಒಂದೇ ಅಲ್ಲ, ವರ್ಸ ವರ್ಸಾನೂವೆ. ಕಳೆ ಪೂರ್ತಿ ಕಿತ್ಬುಟ್ರೆ ಮುಂದ್ಲ ಸಲಕ್ಕೆ ಎಲ್ಲಿಂದ ತರಾದು?"

ರಾಮಮ್ಮನ ಕೈಯಲ್ಲಿದ್ದ ಹಿಡಿ ನೀರಿಗೆ ಬಿತ್ತು.

ನಾಣಯ್ಯನವರ ಎಸ್ಟೇಟಿನಿಂದ ಇಳಿದು ಬರುವ ತೋಡು ಕೆರೆಗೆ ಸೇರುವುದು ಆ ಮೂಲೆಯಲ್ಲಿ. ಕೆರೆಯ ಬೇರೆಲ್ಲ ಕಡೆ ಕಳೆ ಕಿತ್ತಾಗಿತ್ತು; ಅಲ್ಲಿ ಅಂಗೈಯಗಲ ಇದ್ದ ಎಲೆ ಈ ಮೂಲೆಯಲ್ಲಿ ಕೆಸುವಿನಷ್ಟು ಕೊಬ್ಬಿ, ಮಂಡಿಯೆತ್ತರಕ್ಕೆ ನಿಂತು, ನೇರಳೆ ಹೂವಿನ ಗೊಂಚಲುಗಳನ್ನು ಎತ್ತಿ ಹಿಡಿದಿತ್ತು. ಅಲ್ಲಿ ಒಂದು ಹಿಡಿ ಉಳಿದರೂ ಮಳೆಗಾಲ ಮುಗಿಯುವುದರೊಳಗೆ ಕೆರೆ ಮತ್ತೆ ಮುಚ್ಚಿಕೊಳ್ಳುತ್ತದೆ ಎಂಬುದು ತುಳಸಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದಳು.

ರಾಮಮ್ಮ ಕೆರೆಗೆ ಇಳಿದದ್ದು ಗೊಬ್ಬರಕ್ಕಾಗಿ ಅಲ್ಲ. ಮಗಳು ರಂಜಿತಾಳ ಮದುವೆ ಕೊಣನೂರಿನ ಕಡೆಯ ಹುಡುಗನೊಂದಿಗೆ ನಿಶ್ಚಯವಾಗಿ, ಮುಂದಿನ ವರ್ಷದ ಮಾಘದಲ್ಲಿ ಲಗ್ನವೆಂದು ಗೊತ್ತಾದ ದಿನ ಅವಳ ಮನಸ್ಸಿಗೆ ಮೊದಲು ಬಂದದ್ದು ಚಪ್ಪರವಲ್ಲ, ಊಟವಲ್ಲ, ಗಂಗೆ ಪೂಜೆಯ ನೀರು. ಆ ಊರಿನಲ್ಲಿ ಮದುವೆಯ ಹೆಣ್ಣು ಕೆರೆಯ ಮೆಟ್ಟಿಲಲ್ಲಿ ಗಂಗೆಗೆ ಪೂಜೆ ಮಾಡಿ, ತುಂಬಿದ ಕಳಸ ಹೊತ್ತು ಮನೆಗೆ ಬರಬೇಕು. ಬರುವ ದಾರಿಯಲ್ಲಿ ಯಾರೇ ಎದುರಾಗಲಿ, ಚಪ್ಪಲಿ ಬಿಟ್ಟು ನಿಂತು ಅಂಗೈ ಒಡ್ಡಬೇಕು. ಜೊತೆಗಿರುವ ಹಿರಿಯಳು ಉದ್ಧರಣೆಯಲ್ಲಿ ಆ ನೀರನ್ನು ಹಾಕುತ್ತಾಳೆ. ಅದನ್ನು ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡರೆ ಹೆಣ್ಣಿಗೆ ಹರಸಿದ ಹಾಗೆ. ನೆಲಕ್ಕೆ ಚೆಲ್ಲಿದರೆ ಹೆಣ್ಣಿಗೆ ಆಗಿಬರುವುದಿಲ್ಲ.

ರಾಮಮ್ಮನ ಮದುವೆ ಗಂಡಿನ ಮನೆಯಲ್ಲೇ ಆದದ್ದು. ಅರಕಲಗೂಡಿನ ಕಡೆಯಿಂದ ಬಂದ ಹುಡುಗಿ ಅವಳು, ಈ ನೆಲದಲ್ಲಿ ಮೊದಲು ಮುಟ್ಟಿದ್ದು ಈ ಕೆರೆಯ ನೀರನ್ನು. ಕಳಸ ಹೊತ್ತು ಬರುವಾಗ ನಾಣಯ್ಯನವರ ತಂದೆ, ದೊಡ್ಡ ಸಾವುಕಾರರು, ಜೀಪಿನಲ್ಲಿ ಎದುರಾಗಿದ್ದರು. ಇಳಿದು, ಬೂಟು ಕಳಚಿ, ಕೂಲಿಯವರ ಮನೆಯ ಹೆಣ್ಣೆಂದು ನೋಡದೆ ಬೊಗಸೆಯೊಡ್ಡಿ ಕುಡಿದಿದ್ದರು. ಅವರ ಬಿಳಿ ಮೀಸೆಯಿಂದ ಹನಿ ಉದುರಿದ್ದು ಇವತ್ತಿಗೂ ಅವಳ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಎಸ್ಟೇಟಿನಲ್ಲಿ ದೊಡ್ಡ ಪಲ್ಪರ್ ಯಂತ್ರ ಬಂತು. ಹಣ್ಣು ಕಾಫಿಯ ಸಿಪ್ಪೆ ಸುಲಿದು ತೊಳೆದ ಕಂದು ನೀರು ತೋಡಿಗೆ ಬಂತು. ಅದರ ಹಿಂದೆಯೇ, ಯಾರೂ ಕರೆಯದೆ, ಅಂತರಗಂಗೆ ಬಂತು. ಮೆಟ್ಟಿಲು ಮುಚ್ಚಿಹೋಯಿತು. ಊರಿನ ಹೆಣ್ಣುಮಕ್ಕಳ ಮದುವೆಗೆ ರಸ್ತೆ ಬದಿಯ ನಲ್ಲಿಗೆ ಮಾವಿನ ಸೊಪ್ಪು ಕಟ್ಟಿ, ಅರಿಸಿನ ಕುಂಕುಮ ಹಚ್ಚಿ ಅದರಿಂದಲೇ ಕಳಸ ತುಂಬುವುದು ರೂಢಿಯಾಯಿತು. ನಲ್ಲಿಗೆ ಆರತಿ ಎತ್ತುವುದನ್ನು ಕಂಡಾಗಲೆಲ್ಲ ರಾಮಮ್ಮ ಮುಖ ತಿರುಗಿಸಿ ಕೆರೆಯ ಕಡೆ ನೋಡುತ್ತಿದ್ದಳು.

ಅದಕ್ಕೇ ಅವಳು ಒಬ್ಬಳೇ ಇಳಿದಳು. ಇಳಿಯುವ ಮೊದಲು ದಿನವೂ ಒಂದು ಬೊಗಸೆ ನೀರು ಕಣ್ಣಿಗೊತ್ತಿಕೊಂಡು, "ಕಾಲಿಡ್ತೀನಿ ತಾಯಿ, ಮನ್ಸಿಗೆ ತಗಬ್ಯಾಡ" ಎನ್ನುತ್ತಿದ್ದಳು. ಕಿತ್ತು ಏರಿಯ ಮೇಲೆ ಎಸೆದದ್ದು ಕೊಳೆತು ನಾರಿದಾಗ ಊರು ಮೂಗು ಮುಚ್ಚಿಕೊಂಡು ನಕ್ಕಿತು. ಅದಕ್ಕೊಂದು ದಾರಿ ಕಂಡದ್ದು ತುಳಸಿ. ಬೇರು ಕತ್ತರಿಸಿ, ಉಳಿದದ್ದನ್ನು ಕೊಚ್ಚಿ, ಬಿಸಿಲಿಗೆ ಬಾಡಿಸಿ, ಸಗಣಿ ಬಗ್ಗಡ ಒಂದು ಪದರ, ಒಲೆಬೂದಿ ಒಂದು ಪದರ ಹಾಕಿ ಮುಚ್ಚಿಟ್ಟಳು. ಆಗಾಗ ಮಗುಚಿದಳು. ಕೊನೆಗೆ ಕೈಗೆ ಬಂದದ್ದು ಕಾಡಿನ ಮಣ್ಣಿನ ವಾಸನೆಯ, ಹಿಡಿದರೆ ಉದುರುವ ಕಪ್ಪು ಗೊಬ್ಬರ. ತುಳಸಿಯ ಶುಂಠಿ ಈ ಸಲ ಮಣ್ಣನ್ನು ಬಿರಿದುಕೊಂಡು ಮೇಲೆದ್ದಿತು. ನಕ್ಕವರೆಲ್ಲ ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ರಾಮಮ್ಮನಿಗೂ ಹೆಮ್ಮೆಯೇ ಆಗಿತ್ತು. ಕೆಟ್ಟದ್ದನ್ನೂ ಭೂಮಿತಾಯಿ ತಿಂದು ಒಳ್ಳೆಯದು ಮಾಡಿಕೊಡುತ್ತಾಳೆ ನೋಡಿರಿ ಎಂದು ಅವಳೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು.

ಈಗ ಒದ್ದೆ ಸೀರೆಯಲ್ಲಿ ಏರಿ ಹತ್ತಿ ಬರುತ್ತಿದ್ದಂತೆ ಜೀಪು ಬಂದು ನಿಂತಿತು. ನಾಣಯ್ಯನವರು ಇಳಿದರು. ಒಳ್ಳೆಯ ಮಾತಿನ ಮನುಷ್ಯ. ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಏರಿಯ ಮೇಲಿನ ರಾಶಿಯೊಳಗೆ ಕೈ ಹಾಕಿ, ಒಂದು ಹಿಡಿ ಗೊಬ್ಬರ ತೆಗೆದು ಮೂಸಿ ನೋಡಿದರು.

"ಎಂಥ ವಾಸನೆ ಮಾರಾಯ್ರೆ. ಇದರ ಮುಂದೆ ಅಂಗಡಿ ಗೊಬ್ಬರ ಎಂಥದಕ್ಕೂ ಇಲ್ಲ. ರಾಮಮ್ಮ, ನಿಮಗೆ ಒಂದು ಸನ್ಮಾನ ಮಾಡ್ಬೇಕು ಅಂತ ಉಂಟು ನಮಗೆ."

"ಸನ್ಮಾನ ಮದ್ವೆ ಆದ್ಮೇಲೆ ಇಟ್ಕಳಿ ಸಾವ್ಕಾರ್ರೆ," ಎಂದಳು ತುಳಸಿ. "ಈಗ್ಲೇ ಶಾಲು ಹೊದ್ಸಿದ್ರೆ ಬೀಗರು ಇವಳ್ನೇ ಹೆಣ್ಣು ಅನ್ಕತಾರೆ."

ರಾಶಿ ಮಗುಚುತ್ತಿದ್ದ ಸಂಘದ ಹೆಂಗಸರು ನಕ್ಕರು. ನಾಣಯ್ಯನವರೂ ನಕ್ಕರು. ಆ ನಗು ಇನ್ನೂ ಮುಖದಲ್ಲಿರುವಾಗಲೇ ಮುಂದಿನ ಮಾತು ಬಂತು: "ನೋಡಿ, ಪಲ್ಪರ್ ನೀರಿಗೆ ಅಂತ ಮೇಲೆ ದೊಡ್ಡ ಗುಂಡಿ ತೋಡಿಸ್ಬೇಕು ಅಂತ ಯೋಚನೆ ಮಾಡ್ತಾ ಇದ್ದೆ. ಇನ್ನು ಅದೆಲ್ಲ ಯಾಕೆ? ನಮ್ಮ ನೀರು ಬರ್ತದೆ, ನಿಮ್ಮ ಕಳೆ ಬೆಳೀತದೆ, ನಿಮ್ಮ ಗೊಬ್ಬರ ನಮ್ಮ ತೋಟಕ್ಕೆ ಬರ್ತದೆ. ಯಾರಿಗೂ ನಷ್ಟ ಇಲ್ಲ. ಆ ಮೂಲೆ ಒಂದು ಹಾಗೇ ಇರ್ಲಿ."

ಯಾರಿಗೂ ನಷ್ಟ ಇಲ್ಲ. ರಾಮಮ್ಮನ ಕಿವಿಯಲ್ಲಿ ಆ ಮಾತು ಕಾದ ಎಣ್ಣೆಯಂತೆ ಇಳಿಯಿತು. ತಾನು ಮೈಮುರಿದು ತೆಗೆದ ಕೊಳೆ, ಇನ್ನಷ್ಟು ಕೊಳೆ ಸುರಿಯುವುದಕ್ಕೆ ಅಪ್ಪಣೆಚೀಟಿ ಆಗಿಹೋಗಿತ್ತು. ಅವಳು ದನಿ ಎತ್ತಲಿಲ್ಲ. ಸೆರಗಿನ ನೀರು ಹಿಂಡುತ್ತ ಕೇಳಿದಳು:

"ಸಾವ್ಕಾರ್ರೆ, ನಿಮ್ ಮಗಳ ಮದ್ವೇಲಿ ಗಂಗೆ ಪೂಜೆ ಎಲ್ಲಿ ಮಾಡಿದ್ರಿ?"

"ನಮ್ಮ ಮನೆ ಬಾವೀಲಿ. ಎಂತಕ್ಕೆ?"

"ಆ ಬಾವಿಗೂ ಪಲ್ಪರ್ ನೀರು ಬುಟ್ಟಿದ್ರಾ?"

ನಾಣಯ್ಯನವರು ಕೈಯಲ್ಲಿದ್ದ ಗೊಬ್ಬರವನ್ನು ಮೆಲ್ಲಗೆ ರಾಶಿಗೆ ಉದುರಿಸಿ ಕೈ ಕೊಡವಿಕೊಂಡರು. "ಅದು ಬೇರೆ ವಿಷಯ ರಾಮಮ್ಮ," ಎಂದರು. "ಮದುವೆಗೆ ಖಂಡಿತ ಬರ್ತೇನೆ," ಎಂದು ಜೀಪು ಹತ್ತಿದರು.

ಜೀಪಿನ ಧೂಳು ಆರುವ ಮೊದಲೇ ತುಳಸಿ ತಿರುಗಿಬಿದ್ದಳು. "ಏನಕ್ಕ ನಿಂದು? ಕೊಡೋ ಕೈನ ಕಚ್ತೀಯಲ್ಲ. ನಲ್ಲಿ ನೀರು ಗಂಗೆ ಅಲ್ವಾ? ಎಲ್ಲಾ ನೀರೂ ಗಂಗೆನೇ ಅಂತ ನೀನೇ ಹರಿಕಥೆ ಹೇಳ್ತಿದ್ದೆ."

"ಎಲ್ಲಾ ನೀರೂ ಗಂಗೆನೇ ಕಣೆ ತುಳಸಿ," ಎಂದಳು ರಾಮಮ್ಮ. "ಅದ್ಕೇ ಹೇಳ್ತಿರಾದು."

ಮನೆಯಲ್ಲಿ ಅದಕ್ಕಿಂತ ಕಷ್ಟದ ಮಾತು ಕಾದಿತ್ತು. ಗಂಡ ಸಣ್ಣಸ್ವಾಮಿ ಎಸ್ಟೇಟಿನ ಪಲ್ಪರ್ ಮನೆಯಲ್ಲೇ ಕೆಲಸಕ್ಕಿದ್ದವನು. ಸುಗ್ಗಿಯುದ್ದಕ್ಕೂ ಅವನ ಅಂಗಿಗೆ ಹುಳಿತ ಸಿಪ್ಪೆಯ ವಾಸನೆ. ತೊಟ್ಟಿಯ ಗೇಟು ಎತ್ತಿ ಆ ನೀರನ್ನು ತೋಡಿಗೆ ಬಿಡುವುದೂ ಅವನ ಕೈಯೇ. ಇಷ್ಟು ವರ್ಷ ಗಂಡಹೆಂಡಿರ ನಡುವೆ ಆ ಮಾತು ಒಮ್ಮೆಯೂ ಬಂದಿರಲಿಲ್ಲ. ಬಂದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಮದ್ವೆಗೆ ಮುಂಚೆ ನಾಕು ದಿನ ಗೇಟು ಎತ್ಬ್ಯಾಡಿ," ಎಂದಳು ರಾಮಮ್ಮ, ಮುದ್ದೆ ಬಡಿಸುತ್ತ.

"ಹಣ್ಣು ಗುಡ್ಡೆ ಬಿದ್ದದೆ. ಪಲ್ಪರ್ ನಿಂತ್ರೆ ಲೆಕ್ಕದ ರೈಟ್ರು ಸುಮ್ನಿರ್ತಾರಾ? ನಾನು ಎತ್ನಿಲ್ಲ ಅಂದ್ರೆ ಇನ್ನೊಬ್ಬ ಎತ್ತಾನೆ." ಅವನು ತಲೆ ತಗ್ಗಿಸಿಯೇ ಇದ್ದ. "ಮದ್ವೆ ಒಂದು ಮುಗೀಲಿ ಕಣಮ್ಮಿ. ಆಮೇಲೆ ನೋಡಾನ."

"ಮದ್ವೆಗೇ ತಾನೆ ನೀರು ಬೇಕಾಗಿರಾದು?"

ಗೋಡೆಗೊರಗಿದ್ದ ರಂಜಿತಾ, "ಅವ್ವ, ನಂಗೆ ಯಾವ ನೀರಾದ್ರೂ ಆಯ್ತದೆ, ಬುಟ್ಬುಡು" ಎಂದಳು. ರಾಮಮ್ಮ ಮಗಳ ಮುಖ ನೋಡಿದಳು. ಯಾವ ನೀರಾದರೂ ಆಗುತ್ತದೆ ಎಂದು ಇಷ್ಟು ಚಿಕ್ಕ ವಯಸ್ಸಿಗೇ ಈ ಮಕ್ಕಳಿಗೆ ಕಲಿಸಿದವರು ಯಾರು? ಅವಳ ಮೈಯುರಿಗೆ ಈಗ ಹೆಸರೇ ಸಿಗದಾಯಿತು. ಅದು ನಾಣಯ್ಯನವರ ಮೇಲೋ, ತುಳಸಿಯ ಮೇಲೋ, ಎದುರು ಕೂತ ಗಂಡನ ಮೇಲೋ, ಹೆಮ್ಮೆಪಟ್ಟು ತಿರುಗಿದ ತನ್ನ ಮೇಲೆಯೋ.

ಮಾರನೆಯ ಬೆಳಗ್ಗೆ ಅವಳು ಆ ಮೂಲೆಗೇ ಇಳಿದಳು. ಜೊತೆಗೆ ಯಾರೂ ಬರಲಿಲ್ಲ. ಸಂಘದ ಹೆಂಗಸರು ಗೊಬ್ಬರ ಮಗುಚುತ್ತ ಅವಳ ಕಡೆ ಬೆನ್ನು ಹಾಕಿದರು. ಪಲ್ಪರ್ ನೀರು ತಾಗಿದಲ್ಲೆಲ್ಲ ತೊಡೆ ಕಾಲು ತುರಿಸಿ ಕೆಂಪಾದವು. ಕೊಬ್ಬಿದ ದಂಟುಗಳು ಒಂದಕ್ಕೊಂದು ಹೆಣೆದುಕೊಂಡು, ಒಂದನ್ನೆಳೆದರೆ ಇಡೀ ಮೂಲೆಯೇ ತನ್ನನ್ನು ಹಿಂದಕ್ಕೆಳೆದಂತಾಗುತ್ತಿತ್ತು. ಚಪ್ಪರದ ದಿನ ಬರುವಷ್ಟರಲ್ಲಿ ಮೂಲೆ ಖಾಲಿಯಾಯಿತು. ಕಿತ್ತದ್ದನ್ನು ಅವಳು ಬಿಸಾಡಲಿಲ್ಲ; ಉಳಿದವರ ರಾಶಿಯ ಪಕ್ಕದಲ್ಲೇ ಕೊಚ್ಚಿ, ಬಾಡಲು ಹರಡಿಟ್ಟಳು.

ಗಂಗೆ ಪೂಜೆಯ ಬೆಳಗ್ಗೆ ವಾಲಗದವರು ಮುಂದೆ, ಆರತಿ ತಟ್ಟೆ ಹಿಡಿದ ಹೆಂಗಸರು ನಡುವೆ, ಖಾಲಿ ಕಳಸ ಹಿಡಿದ ರಂಜಿತಾ ಹಿಂದೆ. ರಸ್ತೆ ಕವಲೊಡೆಯುವಲ್ಲಿ ಎಡಕ್ಕೆ ನಲ್ಲಿ, ಬಲಕ್ಕೆ ಕೆರೆ. ನಲ್ಲಿಗೆ ಮಾವಿನ ಸೊಪ್ಪು ಕಟ್ಟಿತ್ತು. ಯಾರು ಕಟ್ಟಿದ್ದೆಂದು ರಾಮಮ್ಮ ಕೇಳಲಿಲ್ಲ. ಸಣ್ಣಸ್ವಾಮಿ ಚಪ್ಪರದ ಕಂಬ ಹಿಡಿದುಕೊಂಡು ದೂರದಿಂದಲೇ ನೋಡುತ್ತಿದ್ದ. ವಾಲಗದವರ ಕಾಲು ತಾನಾಗಿ ಎಡಕ್ಕೆ ತಿರುಗಿತು.

"ಅವ್ವ, ಎತ್ಲಾಗೆ?" ಎಂದಳು ರಂಜಿತಾ.

ರಾಮಮ್ಮ ಬಲಕ್ಕೆ ನಡೆದಳು.

ಮೆಟ್ಟಿಲಿನಿಂದ ಹಿಡಿದು ಆಚೆ ದಡದವರೆಗೆ ಒಂದು ಎಲೆಯೂ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಊರಿನ ಹೆಂಗಸರು ತಮ್ಮ ಕೆರೆಯ ನೀರನ್ನು ಇಡಿಯಾಗಿ ಕಂಡರು. ಹಸಿರು ಇಷ್ಟು ದಿನ ಮುಚ್ಚಿಟ್ಟಿದ್ದ ಬಣ್ಣ ಬಿಸಿಲಿಗೆ ಬಿಚ್ಚಿಕೊಂಡಿತ್ತು. ಕಡುಕಾಫಿಯ ಕಂದು, ಅಂಚಿನಲ್ಲಿ ಹಳದಿ ನೊರೆ, ಹುಳಿತ ವಾಸನೆ. ತೋಡಿನಿಂದ ಇನ್ನೂ ಅದೇ ಇಳಿಯುತ್ತಿತ್ತು.

"ಈ ನೀರಾ ಅಕ್ಕ?" ಎಂದಳು ತುಳಸಿ. ಅವಳ ದನಿಯಲ್ಲಿ ಜಗಳವಿರಲಿಲ್ಲ.

"ಇದೇ ನಮ್ ಗಂಗೆ," ಎಂದಳು ರಾಮಮ್ಮ. ಅರಿಸಿನ ಕುಂಕುಮ ಹಾಕಿ, ಹೂವು ಬಿಟ್ಟು, ಕರ್ಪೂರ ಬೆಳಗಿ, ಎರಡೂ ಕೈಯಿಂದ ಕೆರೆಗೆ ಮುಗಿದಳು. ತುಟಿ ಅಲುಗಿದ್ದನ್ನು ಕಂಡವರಿದ್ದರು. ಏನು ಬೇಡಿಕೊಂಡಳೋ ಕೇಳಿಸಲಿಲ್ಲ. ರಂಜಿತಾ ಬಗ್ಗಿ ಕಳಸ ತುಂಬಿದಳು. ಅವಳ ಕೈಬಳೆಗೆ ನೊರೆ ಅಂಟಿತು.

ಮರಳುವಾಗ ಜೀಪು ಎದುರಾಯಿತು. ಮದುವೆಗೆಂದು ಹೊರಟಿದ್ದ ನಾಣಯ್ಯನವರು ಅಚ್ಚ ಬಿಳಿಯ ಅಂಗಿ ತೊಟ್ಟಿದ್ದರು. ಕಳಸ ಕಂಡದ್ದೇ ಯಾರೂ ಹೇಳುವ ಮೊದಲೇ ಇಳಿದು, ರಸ್ತೆಯ ಅಂಚಿನಲ್ಲಿ ಬೂಟು ಕಳಚಿ, ತಂದೆ ನಿಂತ ಹಾಗೆಯೇ ತಲೆಬಾಗಿ ನಿಂತು ಬಲಗೈ ಮುಂದೊಡ್ಡಿದರು. ರಾಮಮ್ಮ ಮಗಳ ಕಳಸದಿಂದ ಉದ್ಧರಣೆ ಅದ್ದಿ ತೆಗೆದಳು.

"ತಗಳಿ ಸಾವ್ಕಾರ್ರೆ. ಮಗಳಿಗೆ ಹರಸಿ."

ನೀರು ಅಂಗೈಗೆ ಬಿತ್ತು. ನಾಣಯ್ಯನವರು ಅದನ್ನು ನೋಡಿದರು, ಕಳಸವನ್ನು ನೋಡಿದರು, ಹೆಂಗಸರ ತಲೆಗಳ ಆಚೆ ಬರಿದಾಗಿ ಹೊಳೆಯುತ್ತಿದ್ದ ಕೆರೆಯನ್ನು ನೋಡಿದರು. ವಾಲಗ ನಿಂತಿತು. ಕೈ ಬಾಯಿಯ ಕಡೆಗೆ ಅರ್ಧ ಎದ್ದು ಅಲ್ಲೇ ಉಳಿಯಿತು. ಬೆರಳ ಸಂದಿಗಳನ್ನು ಅವರು ಬಿಗಿಯಾಗಿ ಮುಚ್ಚಿ ಹಿಡಿದಿದ್ದರು, ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ. ರಾಮಮ್ಮ ಉದ್ಧರಣೆ ಹಿಡಿದುಕೊಂಡು, ಅವಸರವಿಲ್ಲದೆ, ಎದುರಿಗೇ ನಿಂತಿದ್ದಳು.