ಹಾಸು ಚಾಚಿದ ಬೀದಿ

ಬೆಳಕು ಹರಿಯುವ ಹೊತ್ತಿಗೆ ಸೂರಮ್ಮ ಬೀದಿಯಲ್ಲಿ ಚಾಚಿದ ರೇಷ್ಮೆ ಹಾಸಿನ ಮೇಲೆ ಗಂಜಿ ಸವರುತ್ತಿದ್ದಳು. ಮೊಳಕಾಲ್ಮೂರಿನ ಮಗ್ಗದ ಬೀದಿಯಲ್ಲಿ ದಿನದ ಮೊದಲ ಕೆಲಸವೇ ಅದು. ಸೀರೆಯ ಉದ್ದದ ಎಳೆಗಳನ್ನು ಈ ಗೂಟದಿಂದ ಆ ಗೂಟಕ್ಕೆ ಬಿಗಿದು, ಬಿಸಿಲೇರುವ ಮೊದಲು ತೆಳು ಗಂಜಿ ಕುಡಿಸಿ, ಸಿಕ್ಕು ಬಿಡಿಸಿ, ಸುತ್ತಿ ಒಳಗಿಡಬೇಕು. ಆ ತುದಿಯಲ್ಲಿ ಗಂಡ ಚಿನ್ನಯ್ಯ ನಿಂತಿದ್ದ. ಸೂರಮ್ಮನ ಕುಂಚ ಅರ್ಧ ದಾರಿಗೆ ಬಂದಿತ್ತು, ಅಷ್ಟರಲ್ಲಿ ಎತ್ತಿನ ಗಾಡಿಯೊಂದು ಬೀದಿಯ ಬಾಯಿಗೆ ಬಂದು ನಿಂತಿತು. ಮುಂದೆ ಕಚೇರಿಯ ಜವಾನ ಮಾರಯ್ಯ.

“ಹಾಸು ಎತ್ರಪ್ಪ. ಇಸ್ಕೂಲಿನ ಸಾಮಾನು ಒಯ್ಯಬೇಕು, ಹುಕುಂ ಆಗೈತೆ” ಎಂದ.

“ಹುಕುಂ ಆಗಿರಾದು ನಿಂಗೆ ಮಾರಯ್ಯ, ರೇಷ್ಮೆಗಲ್ಲ” ಎಂದಳು ಪಕ್ಕದ ಜಗಲಿಯ ಮೇಲೆ ಕೂತಿದ್ದ ರಂಗಕ್ಕ. “ಹಸಿ ಹಾಸು ಐತೆ. ಬೇಕಾದ್ರೆ ದಾಟು. ನಿನ್ನ ಎತ್ತುಗಳು ಕಾಲಿಗೆ ಪಟ್ಟೆ ಸುತ್ಕೊಂಡು ಮದುಮಕ್ಕಳಂಗೆ ಹೋಗ್ಲಿ.”

ಜಗಲಿಗಳ ಮೇಲೆಲ್ಲ ನಗೆ ಎದ್ದಿತು. ಮಾರಯ್ಯನೂ ನಕ್ಕ. ಚಾಚಿದ ಹಾಸನ್ನು ಆ ಬೀದಿಯಲ್ಲಿ ಯಾರೂ ದಾಟುವುದಿಲ್ಲ. ಮದುವೆಯ ದಿಬ್ಬಣವೂ ನಿಂತು ಕಾಯುತ್ತದೆ. ಶಾಲೆಯಿದ್ದದ್ದು ಬೀದಿಯ ಕೊನೆಯಲ್ಲಿ, ಗುಡ್ಡಕ್ಕೆ ಬೆನ್ನು ಕೊಟ್ಟ ಮಂಟಪದಲ್ಲಿ. ಅಲ್ಲಿಗೆ ಬೇರೆ ದಾರಿ ಇರಲಿಲ್ಲ. ಮಾರಯ್ಯ ಎತ್ತುಗಳ ಕೊರಳ ಹಗ್ಗ ಬಿಚ್ಚಿ, ಎಲೆಯಡಿಕೆ ಹಾಕಿಕೊಂಡು ಕೂತ.

ಊರಿನ ಪೇಟೆಯಲ್ಲಿ ಒಂದು ಸರ್ಕಾರಿ ಶಾಲೆ, ಮಗ್ಗದ ಬೀದಿಯಲ್ಲಿ ಇನ್ನೊಂದು. ಪ್ಲೇಗಿನ ವರ್ಷ ಕಳೆದ ಮೇಲೆ ಎರಡರಲ್ಲೂ ಮಕ್ಕಳು ಕಡಿಮೆಯಾದರು. ಎರಡನ್ನೂ ಪೇಟೆಯಲ್ಲೇ ಒಂದು ಮಾಡಿ ಎಂದು ಮೇಲಿನಿಂದ ಹುಕುಂ ಬಂದಿತು. ಬೀದಿಯವರು ಒಪ್ಪಲಿಲ್ಲ. ಅಲ್ಲಿ ಶಾಲೆ ಸಂಜೆಯವರೆಗೆ. ಇಲ್ಲಿ ನಾಗೇಂದ್ರಪ್ಪ ಮೇಷ್ಟರು ಮಧ್ಯಾಹ್ನಕ್ಕೇ ಮಕ್ಕಳನ್ನು ಬಿಡುತ್ತಿದ್ದರು. ಹುಡುಗರು ಮನೆಗೆ ಬಂದು ಉಂಡು ಮಗ್ಗದ ಪಕ್ಕ ಕೂರಬೇಕಲ್ಲ, ಲಾಳಿಗೆ ನೂಲಿನ ಕಂಡಿಕೆ ಸುತ್ತುವವರು ಯಾರು? ಗಂಡಸರ ತಕರಾರು ಅಷ್ಟು.

ಸೂರಮ್ಮನದು ಬೇರೆ. ಮೇಷ್ಟರು ಬೀದಿಯ ಹೆಣ್ಣುಮಕ್ಕಳನ್ನೂ ಮಂಟಪದ ಹಿಂದಿನ ಸಾಲಿನಲ್ಲಿ ಕೂರಿಸಿಕೊಳ್ಳುತ್ತಿದ್ದರು. ಅವಳ ಮಗಳು ಜಗದಾಂಬ ಎರಡನೆಯ ಪುಸ್ತಕಕ್ಕೆ ಬಂದಿದ್ದಳು. ಮಧ್ಯಾಹ್ನ ಮಗ್ಗದ ಬಳಿ ಕೂತು, ಕಂಡಿಕೆ ಸುತ್ತುತ್ತಲೇ, ತೊಡೆಯ ಮೇಲಿನ ಪುಸ್ತಕ ನೋಡಿ ಓದುತ್ತಿದ್ದಳು. ಕಾಗೆ, ನರಿ, ರಾಜ, ಮಳೆ. ಸೂರಮ್ಮನಿಗೆ ಅಕ್ಷರ ಬಾರದು. ಮಗಳು ತಡವರಿಸಿದರೆ ಮಾತ್ರ ಲಾಳಿ ನಿಲ್ಲಿಸಿ ಕಾಯುತ್ತಿದ್ದಳು. ಪೇಟೆ ಶಾಲೆಯಲ್ಲಿ ಗಂಡುಹುಡುಗರಿಗೆ ಮಾತ್ರ ಜಾಗ.

ಗಾಡಿ ಬಂದ ಆ ದಿನ ಚಿನ್ನಯ್ಯ ಹಾಸು ಸುತ್ತಿ ಎತ್ತುವ ಮೊದಲೇ ರಂಗಕ್ಕನ ಮನೆಯ ಹಾಸು ಬೀದಿಗೆ ಬಂದಿತು. ಅದು ಮುಗಿಯುವಷ್ಟರಲ್ಲಿ ಎದುರು ಮನೆಯದು. ಬಿಸಿಲಿಗೆ ಗಂಜಿ ಗರಿಗರಿಯಾಗಿ ಎಳೆಗಳು ಪಟಪಟ ಕಡಿದವು, ಆದರೂ ಯಾರೂ ಎತ್ತಲಿಲ್ಲ. ಸಂಜೆ ಮಾರಯ್ಯ ಖಾಲಿ ಗಾಡಿ ತಿರುಗಿಸಿದ. ಮರುದಿನವೂ ಹಾಗೇ. ಬೀದಿಯ ಯಜಮಾನ ವೆಂಕಟೇಶಪ್ಪ ಮೀಸೆ ತಿರುವಿ, “ನಾವು ಯಾರನ್ನ ತಡದೀವಿ? ನಮ್ಮ ಕೆಲಸ ನಾವು ಮಾಡ್ತಾ ಇದ್ದೀವಿ” ಎನ್ನತೊಡಗಿದ. ಜಗದಾಂಬ ಆ ದಿನಗಳಲ್ಲಿ ಏನೋ ಕೇಳಲು ಬಾಯಿ ತೆರೆಯುವಳು, ಎಳೆ ಗಂಟು ಹಾಕಿ ಹಾಕಿ ಸೋತ ಅವ್ವನ ಮುಖ ನೋಡಿ ಸುಮ್ಮನಾಗುವಳು.

ಆ ವಾರದ ಕೊನೆಗೆ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು ತಾವೇ ಬಂದರು, ಹಿಂದೆ ಮಾರಯ್ಯನ ಗಾಡಿ. ಕುದುರೆಯನ್ನು ಬೀದಿಯ ಬಾಯಲ್ಲೇ ಬಿಟ್ಟು, ಸೂರಮ್ಮನ ಹಾಸಿನ ಪಕ್ಕ ಗೋಡೆಗೆ ಒತ್ತಿಕೊಂಡು ನಡೆದು ಬಂದು ವೆಂಕಟೇಶಪ್ಪನ ಜಗಲಿ ಹತ್ತಿದರು. ಒಳ್ಳೆಯ ಮನುಷ್ಯ. ಕೊಟ್ಟ ಮಜ್ಜಿಗೆ ಕುಡಿದರು.

“ನಿಮ್ಮ ಕಷ್ಟ ಏನು, ಹೇಳಿ ಯಜಮಾನರೇ.”

“ಹೊತ್ತು, ಸ್ವಾಮಿ. ಹೊತ್ತೇ ನಮ್ಮ ಕಷ್ಟ. ಉಣ್ಣೋ ಹೊತ್ತಿಗೆ ಹುಡುಗ್ರು ಮನೇಗೆ ಬರಬೇಕು.”

ಸಾಹೇಬರು ಯೋಚಿಸಿದರು. ಪೇಟೆ ಶಾಲೆಯನ್ನು ಬೆಳಿಗ್ಗೆ ಬೇಗ ತೆರೆಸಿ, ನೇಕಾರರ ಹುಡುಗರನ್ನು ಮಧ್ಯಾಹ್ನಕ್ಕೆ ಬಿಡಿಸಬಹುದು. ನಾಗೇಂದ್ರಪ್ಪ ಮೇಷ್ಟರೂ ಅಲ್ಲಿಗೇ ಬರುತ್ತಾರೆ ಎಂದರು. ಜಗಲಿಯ ಮೇಲಿನ ಗಂಡಸರು ಮುಖ ಮುಖ ನೋಡಿಕೊಂಡರು.

“ಹಂಗಾದ್ರೆ ನಮ್ದೇನು ತಕರಾರಿಲ್ಲ, ಸ್ವಾಮಿ” ಎಂದ ವೆಂಕಟೇಶಪ್ಪ.

ಮೇಷ್ಟರು ಕಂಬಕ್ಕೆ ಒರಗಿ ನಿಂತಿದ್ದರು. ಏನೋ ಹೇಳಹೊರಟವರು ಸಾಹೇಬರ ಮುಖ ನೋಡಿ ಕೆಮ್ಮಿದರು. “ಗೆದ್ವಲೇ!” ಎಂದು ಯಾರೋ ಚಿನ್ನಯ್ಯನ ಬೆನ್ನು ತಟ್ಟಿದರು. ರಂಗಕ್ಕನೂ ಹಲ್ಲು ಬಿಟ್ಟು ನಕ್ಕು, “ಲೇ ಮಾರಯ್ಯ, ಎತ್ತು ಕಟ್ಟು. ನಿನ್ನ ಗಾಡಿಗೆ ದಾರಿ ಸಿಕ್ತು” ಎಂದಳು.

ಬೀದಿಯಲ್ಲಿ ಉಳಿದದ್ದು ಸೂರಮ್ಮನ ಹಾಸೊಂದೇ. ಚಿನ್ನಯ್ಯ ಆ ತುದಿಯಿಂದ ಸುತ್ತುತ್ತ ಬರತೊಡಗಿದ. ಇಷ್ಟು ದಿನ ಎಲ್ಲರ ಹಾಸಿಗಿಂತ ಮೊದಲು ಚಾಚುತ್ತಿದ್ದುದು ಅವಳದೇ. ಅದನ್ನು ಯಾತಕ್ಕೆ ಚಾಚಿದಳು ಎಂದು ಜಗಲಿಯ ಮೇಲೆ ಯಾರೂ ಕೇಳಿರಲಿಲ್ಲ. ಅಷ್ಟು ಗಂಡಸರ ಮುಂದೆ, ಸಾಹೇಬರ ಮುಂದೆ, ತಾನಾಗಿ ಬಾಯಿ ತೆರೆಯುವುದು ಅವಳಿಗೆ ಗೊತ್ತಿರಲಿಲ್ಲ. ಅವಳು ಬಗ್ಗಿ, ಸಿಕ್ಕು ಬಿಡಿಸುವವಳಂತೆ ಬೆರಳು ಆಡಿಸಿ, ಒಂದು ಹಿಡಿ ಎಳೆಯನ್ನು ಉಗುರಿನಿಂದ ಪಟ್ಟನೆ ಕಡಿದಳು.

“ಎಳೆ ಹೋಗೈತೆ. ಗಂಟಾಕ್ಬೇಕು” ಎಂದಳು.

ಚಿನ್ನಯ್ಯ ಅದನ್ನು ನೋಡಿದ್ದ. ನೇಯುವವರ ಮನೆಯಲ್ಲಿ ಬೇಕೆಂದು ಎಳೆ ಕಡಿದವರನ್ನು ಅವನು ಕಂಡಿರಲಿಲ್ಲ. ಸುತ್ತುತ್ತಿದ್ದ ಕೈ ನಿಲ್ಲಿಸಿ ನಿಂತ.

ಗಾಡಿ ನಿಂತಿತು. ಸಾಹೇಬರು ಮೆಟ್ಟಿಲ ಮೇಲೆ ನಿಂತರು. ಗಂಟು ಬೀಳುವವರೆಗೆ ಯಾರಿಗೂ ಮಾಡಲು ಬೇರೆ ಕೆಲಸವಿರಲಿಲ್ಲ. ಜಗದಾಂಬ ಬಂದು ಅವ್ವನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು. ಸೂರಮ್ಮ ಎಳೆಯಿಂದ ಕಣ್ಣೆತ್ತಲಿಲ್ಲ.

“ನನ್ನ ಕೇಳಬ್ಯಾಡ ಕಂದ. ನಂಗೊತ್ತಿಲ್ಲ. ಅಲ್ಲಿ ಕೇಳು. ನಾನು ನಿಧಾನಕ್ಕೆ ಗಂಟಾಕ್ತೀನಿ.”

ಹುಡುಗಿ ಎದ್ದಳು. ಹಾಸಿನ ಅಂಚಿಗೆ ತಾಗದಂತೆ ಲಂಗ ಎತ್ತಿ ಹಿಡಿದುಕೊಂಡು ಜಗಲಿಯ ಕೆಳಗೆ ಹೋಗಿ ನಿಂತಳು. ವೆಂಕಟೇಶಪ್ಪ, “ಏ, ಒಳಗೆ ಹೋಗಮ್ಮಿ” ಎಂದ. ಅವಳು ಹೋಗಲಿಲ್ಲ. ಒಮ್ಮೆ ಹಿಂದಿರುಗಿ ನೋಡಿದಳು. ಅವ್ವ ಇನ್ನೂ ಮೊದಲನೆಯ ಎಳೆಯಲ್ಲೇ ಇದ್ದಳು.

“ಸಾಹೇಬ್ರೇ, ಹುಡುಗ್ರು ಪೇಟೆ ಇಸ್ಕೂಲಿಗೆ ಹೋಗ್ತಾರೆ. ನಾವು ಎಲ್ಲಿಗೆ ಹೋಗ್ಬೇಕು?”