ಕಾಲುವೆ ಮೇಲಿನ ಗೋಡೆ

ಹೂಡಿ ನಿಲ್ದಾಣ ದಾಟುತ್ತಲೇ ಗಾಜಿನ ಕಟ್ಟಡಗಳ ಮೇಲೆಲ್ಲ ಸಂಜೆ ಬಿಸಿಲು, ಕಣ್ಣು ಕುಕ್ಕುತ್ತದೆ, ಕುಕ್ಕಲಿ, ಮೆಟ್ರೋದಲ್ಲಿ ಸೀಟು ಸಿಗದಿದ್ದರೂ ನೀಲಾಂಬಿಕಾಗೆ ಇವತ್ತು ನಗು, ಎದುರಿನ ಹುಡುಗಿ ಯಾಕೆ ಹೀಗೆ ನೋಡುತ್ತಾಳೆ, ಒಬ್ಬಳೇ ನಗುತ್ತಿದ್ದೇನೆಂದೇ — ನಗದೆ ಇನ್ನೇನು, ಮಳೆಗಾಲದಿಂದ ಬಾಯಿಗೆ ಬೀಗ ಜಡಿದಿದ್ದ ತಡೆಯಾಜ್ಞೆ ಮಧ್ಯಾಹ್ನ ಹೈಕೋರ್ಟಿನಲ್ಲಿ ಬಿದ್ದುಹೋಯಿತಲ್ಲ, ನಟಿ ಕಲಾಂಜಲಿಯ ಬಂಗಲೆಯ ಕಾಂಪೌಂಡು ಮಳೆನೀರು ಹರಿಯುವ ರಾಜಕಾಲುವೆಯ ಮೇಲೇ ಕೂತಿದೆ ಎಂದು ತಾನು ಬರೆದ ವರದಿ ಇನ್ನು ತಮ್ಮ ಪುಟ್ಟ ವೆಬ್ ಚಾನೆಲ್ಲಿನಲ್ಲಿ ಬರಬಹುದು, ಗೋಡೆ ಊರಿನ ವಿಷಯ ಎಂದರು ನ್ಯಾಯಮೂರ್ತಿ, ಆಮೇಲೆ ಕನ್ನಡಕ ತೆಗೆದು, ನಟಿಯ ಮಗು ಮನೆಯ ವಿಷಯ, ಅದರ ಹೆಸರಾಗಲಿ ಚಿತ್ರವಾಗಲಿ ಎಲ್ಲೂ ಬರಕೂಡದು — ಅರ್ಧ ಗೆದ್ವಿ ಮೇಡಂ ಎಂದು ಇವಳ ವಕೀಲರು ಮುಖ ಸಣ್ಣದು ಮಾಡಿಕೊಂಡರು, ಅರ್ಧ ಯಾಕೆ, ತನಗೆ ಎರಡೂ ಗೆಲುವೇ, ಗೋಡೆಯ ಫೋಟೋ ತೆಗೆಯಲು ಹೋದ ದಿನ ಗೇಟು ತೆರೆದಿತ್ತು, ಅಂಗಳದಲ್ಲಿ ಜಗತ್ತಿಗೆ ಗೊತ್ತಿಲ್ಲದ ಮಗಳೊಬ್ಬಳು, ಬೆರಳು ಫೋನಿನ ಕ್ಯಾಮೆರಾ ಒತ್ತಿಬಿಟ್ಟಿತ್ತು, ಬಾಗಿಲಲ್ಲಿ ನಿಂತಿದ್ದ ಕಲಾಂಜಲಿ ಅದನ್ನು ಕಂಡೇ ಕೋರ್ಟಿಗೆ ಓಡಿದ್ದು, ಇತ್ತ ಸಂಪಾದಕ ಮುನಿರಾಜು ಕುರ್ಚಿ ಬಿಟ್ಟು ಎದ್ದಿದ್ದರು, ಈ ಮಗೂನ ಹಾಕಮ್ಮ, ಗೋಡೆ ಯಾರ್ ನೋಡ್ತಾರೆ, ಇದು ಸಕ್ಕತ್ ಓಡತ್ತೆ, ಇಲ್ಲ ಸಾರ್, ಬೇಕಾದ್ರೆ ಕೆಲ್ಸ ಬಿಡ್ತೀನಿ, ಎಲ್ಲಿಂದ ಬಂತೋ ಆ ಧೈರ್ಯ, ಮಳೆ ಹೊಯ್ದಾಗಲೆಲ್ಲ ಆ ಗೋಡೆಗೆ ಬಡಿದ ನೀರು ತಿರುಗಿ ಹಿಂದಿನ ಬೀದಿಯ ಬೈರಮ್ಮನ ಒಲೆಗೆ ನುಗ್ಗುತ್ತದಲ್ಲ, ಸುದ್ದಿ ಅದು, ಇದಲ್ಲ — ಇವತ್ತು ಕೋರ್ಟಿನ ಮೆಟ್ಟಿಲಲ್ಲಿ ಕಲಾಂಜಲಿಯೇ ಹತ್ತಿರ ಬಂದಳು, ಬಣ್ಣವಿಲ್ಲದ ಮುಖ, ತೆರೆಯ ಮೇಲಿನದಕ್ಕಿಂತ ಚಂದ, ಗೋಡೆ ವಿಷ್ಯದಲ್ಲಿ ನಿಮ್ ಮೇಲೆ ಸಿಟ್ಟಿದೆ ಕಣ್ರೀ, ಇನ್ನೊಂದ್ ವಿಷ್ಯದಲ್ಲಿ — ಕೈ ಹಿಡಿದು ಒಮ್ಮೆ ಅದುಮಿ ಹೋದಳು, ಅಂಗೈ ಇನ್ನೂ ಬೆಚ್ಚಗಿದೆಯೇ, ಫೋನು, ಬೈರಮ್ಮ, ಏನವ್ವಾ ಬರೀಬೌದಂತಾ, ಬರೀಬಹುದಂತೆ ಬೈರಮ್ಮ, ಗೋಡೆನೂ ಒಡೀತಾರಾ, ಅದ್ ಗೊತ್ತಿಲ್ಲ, ಬರೆದ್ಮೇಲೆ ಕೇಳೋಣ, ಲೇ ರಾಣೀ, ಬರೀಬೌದಂತೆ ಕಣೇ, ಇಡೀ ಬೀದಿಗೆ ಕೂಗಿ ಹೇಳುತ್ತಿದ್ದಾಳೆ ಮುದುಕಿ, ಫೋನು ಇಡುವುದನ್ನೂ ಮರೆತು — ಹಾಂ, ಇನ್ನೊಂದು ಕೆಲಸವಿದೆ, ಕೇಸು ಮುಗಿಯುವವರೆಗೆ ಮಗುವಿನ ಆ ಫೋಟೋ ಅಳಿಸಬೇಡಿ ಎಂದಿದ್ದರು ವಕೀಲರು, ಮುಗಿಯಿತಲ್ಲ, ಒತ್ತಿದಳು, ಹೋಯಿತು, ಖಾಲಿ ಪರದೆ, ಆದರೆ ಕಣ್ಣು ಮುಚ್ಚಿದರೆ ಅದೇ, ತೆರೆದರೂ ಅದೇ, ಬರಿಗಾಲು, ಮೂಗಿನ ತುದಿಗೆ ಬಂದು ಕೂತ ಸೋಪಿನ ಗುಳ್ಳೆ, ಅದು ಒಡೆಯದಂತೆ ಉಸಿರು ಬಿಗಿಹಿಡಿದು ನಗುತ್ತಿರುವ ಮಗು, ಗುಳ್ಳೆ, ಇನ್ನೂ ಒಡೆಯದ ಗುಳ್ಳೆ —